ಸೊಳ್ಳೆ ಮೇಲೆ ಭಾಷಣ ಸಾಕು, ಹೌಸಿ ಆಡ್ಸಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸೊಳ್ಳೆದೇ ಸಮಾಚಾರ. ಮೇ 16ರ ಡೆಂಗ್ಯೂ ದಿನ ಮುಗೀತು, ಪಂಚಾಯ್ತಿ ಆಟೋ ಮೈಕ್ ಕಟ್ಕೊಂಡು ಒಂದ್ ರೌಂಡ್ ಹೋಗಿ ಬಂತು, ಗೋಡೆಗೆ ಪೋಸ್ಟರ್ ಅಂಟ್ಸಿದ್ದೂ ಆಯ್ತು, ಈಗ ಜನ ಕೇಳ್ತಿರೋದು ಇದು ಬಿಟ್ಟು ಬೇರೆ ಏನಾದ್ರೂ ದಾರಿ ಇದ್ಯಾ ಅಂತ. ಅದ್ರಲ್ಲೂ ಆಟ ಆಡ್ಸಿ ಹೇಳ್ಕೊಡೋದರ ಬಗ್ಗೆ, ಮಕ್ಕಳಿಗಲ್ಲ, ದೊಡ್ಡೋರಿಗೆ. ಹಾಗಾಗಿ ಶುಗರ್, ಮಂಡಿನೋವು ಅಂತ ಬರೆದವ್ರು ಬೇಜಾರ್ ಮಾಡ್ಕೋಬೇಡಿ, ನಿಮ್ದು ಮುಂದಿನ ಸಂಚಿಕೆಗೆ ಇಟ್ಕೊಂಡಿದೀನಿ.

ಪ್ರಶ್ನೆ: ನಮಸ್ತೆ ಸರ್. ನಾನು ಸುಂಟಿಕೊಪ್ಪ ಹತ್ರ ಒಂದು ಸ್ವಸಹಾಯ ಸಂಘದಲ್ಲಿದೀನಿ. ವರ್ಷಾ ವರ್ಷ ಮಳೆಗೆ ಮುಂಚೆ ಆಶಾ ಅಕ್ಕ ಬಂದು ಡೆಂಗ್ಯೂ ಬಗ್ಗೆ ಹೇಳ್ತಾರೆ, ನಾವು ತಲೆ ಆಡಿಸ್ತೀವಿ, ಟೀ ಕುಡೀತೀವಿ, ಮನೆಗೆ ಹೋಗ್ತೀವಿ, ಡ್ರಮ್ಮು ಮಾತ್ರ ಹಾಗೇ ಬಾಯಿ ತೆರ್ಕೊಂಡಿರುತ್ತೆ. ಈ ಸಲ ಹಾವು ಏಣಿ ಬೋರ್ಡ್ ಪ್ರಿಂಟ್ ಮಾಡ್ಸಿ ಆಡ್ಸೋಣ ಅಂತ ಯೋಚ್ನೆ. ಆದ್ರೆ ನಮ್ ಸಂಘದಲ್ಲಿ 60 ದಾಟಿದವ್ರೂ ಇದಾರೆ, "ನಾವೇನು ಅಂಗನವಾಡಿ ಮಕ್ಳಾ" ಅಂತ ನಗ್ತಾರೆ. ಏನ್ ಮಾಡ್ಲಿ?

ಉತ್ತರ: ಅಂಗನವಾಡಿ ಮಕ್ಳಾ ಅಂತ ಕೇಳೋರೇ ಯಾವ್ದಾದ್ರೂ ಫಂಕ್ಷನ್‌ನಲ್ಲಿ ಹೌಸಿ (ಕೂಗಿದ ನಂಬರ್ ಟಿಕೆಟ್‌ನಲ್ಲಿದ್ರೆ ಗೀಟು ಹಾಕೋ ಆಟ, ತಂಬೋಲಾ) ಶುರುವಾದ್ರೆ ಪೆನ್ ಹಿಡ್ಕೊಂಡು ಮುಂದಿನ ಸಾಲಲ್ಲಿ ಕೂತಿರ್ತಾರೆ, ಕೈಲ್‌ಪೊಳ್ದ್ ಹಬ್ಬ ಬಂದ್ರೆ ತೆಂಗಿನಕಾಯಿಗೆ ಗುರಿ ಇಡೋಕೆ ಕ್ಯೂ ನಿಲ್ತಾರೆ. ಕೊಡಗಿನೋರಿಗೆ ಆಟ ಬೇಡ ಅಂತ ಯಾರ್ ಹೇಳಿದ್ದು ತಾಯಿ. ದೊಡ್ಡೋರಿಗೆ ಮುಜುಗರ ಆಗೋದು ಆಟ ಆಡೋಕಲ್ಲ, ಆಟದ ಹೆಸ್ರಲ್ಲಿ ಪಾಠ ಮಾಡಿದ್ರೆ. ಬಣ್ಣದ ಚಾರ್ಟ್ ತೋರ್ಸಿ "ಹೇಳಿ ಹೇಳಿ, ಇದು ಒಳ್ಳೆ ಅಭ್ಯಾಸನಾ ಕೆಟ್ಟ ಅಭ್ಯಾಸನಾ" ಅಂದ್ರೆ ನನಗೂ ಎದ್ದು ಹೋಗೋಣ ಅನ್ಸುತ್ತೆ.

ಹಾವು ಏಣಿ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಡ್ರಮ್ ಮುಚ್ಚಿದ್ರೆ ಏಣಿ, ಟೈರಲ್ಲಿ ನೀರು ನಿಂತ್ರೆ ಹಾವು ಅಂತ ಬರೆದಿರ್ತಾರೆ, ಆದ್ರೆ ಹತ್ತೋದು ಇಳಿಯೋದು ಎಲ್ಲಾ ದಾಳದ ಕೈಲಿ. ಆಡೋರು ಏನೂ ತೀರ್ಮಾನ ಮಾಡ್ಬೇಕಾಗಿಲ್ಲ, ಎರಡನೇ ಸುತ್ತಿಗೆ ಬೋರ್ಡಿನ ಮನೇಲಿ ಬರ್ದಿರೋದನ್ನ ಓದೋರೂ ಇಲ್ಲ, ಎಲ್ರ ಕಣ್ಣು ದಾಳದ ಮೇಲೆ. ಪರಮಪದ ಸೋಪಾನ ಪಟ ಅಂತ ಹಿಂದಿನೋರು ಆಡ್ತಿದ್ದಾಗ ಪಾಪ ಪುಣ್ಯ ಹೇಳೋಕೆ ಅದು ಸರಿಯಾಗಿತ್ತು, ಸೊಳ್ಳೆ ವಿಷಯದಲ್ಲಿ ಎಲ್ಲಾ ಹಣೆಬರಹ ಅನ್ನೋ ಪಾಠ ನಮಗೆ ಬೇಡ. ಈಗಾಗ್ಲೇ ಪ್ರಿಂಟ್ ಮಾಡ್ಸಿದ್ರೆ ವೇಸ್ಟ್ ಮಾಡ್ಬೇಡಿ, ಒಂದೇ ಒಂದು ರೂಲ್ ಸೇರ್ಸಿ: ಹಾವಿನ ಬಾಯಿಗೆ ಬಂದವ್ರು ಅಲ್ಲಿ ಏನ್ ಮಾಡ್ಬೇಕು ಅಂತ ಸರಿಯಾಗಿ ಹೇಳಿದ್ರೆ ಕೆಳಗೆ ಇಳಿಯೋ ಹಾಗಿಲ್ಲ. ಸರಿನಾ ತಪ್ಪಾ ಅಂತ ಉಳಿದವ್ರು ಹೇಳ್ಬೇಕು.

ಅಸಲಿಗೆ ನಿಮ್ ಸಂಘದವ್ರಿಗೆ ಕೊರತೆ ಇರೋದು ತಿಳುವಳಿಕೆದಲ್ಲ. ನಿಂತ ನೀರಲ್ಲಿ ಸೊಳ್ಳೆ ಆಗುತ್ತೆ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಆದ್ರೆ ಸ್ವಂತ ಹಿತ್ಲಲ್ಲಿ ದಿನಾ ನೋಡೋ ಟೈರು ಕಣ್ಣಿಗೆ ಬೀಳಲ್ಲ, ಅದು ಒಂದು. ಇನ್ನೊಂದು, ಇವತ್ತು ಚೆಲ್ಲಿದ್ರೆ ಮುಗೀತು ಅಂದ್ಕೊಂಡಿರ್ತಾರೆ. ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಬೆಚ್ಚಗಿರೋ ದಿನಗಳಲ್ಲಿ 7ರಿಂದ 10 ದಿನ ಸಾಕು, ಮೊಟ್ಟೆ ಇಡೋದು ನೀರಲ್ಲಿ ಅಲ್ಲ, ನೀರಿಗಿಂತ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಗೆ, ಅದು ಒಣಗಿದ್ರೂ ತಿಂಗಳುಗಟ್ಲೆ ಬದುಕಿರುತ್ತೆ, ಮತ್ತೆ ನೀರು ತಾಗಿದ ಕೂಡ್ಲೇ ಮರಿ (ಲಾರ್ವಾ). ಅದಕ್ಕೇ ಚೆಲ್ಲಿದ್ರೆ ಸಾಲ್ದು, ತಿಕ್ಬೇಕು, ಅದೂ ವಾರಕ್ಕೊಂದ್ಸಲ. ಆಟ ಕಲಿಸ್ಬೇಕಾಗಿರೋದು ಈ ಎರಡನ್ನ, ಹುಡುಕೋ ಕಣ್ಣು ಮತ್ತೆ ವಾರದ ಲೆಕ್ಕ. ಡೆಂಗ್ಯೂ ವೈರಸ್‌ನಲ್ಲಿ ಎಷ್ಟು ಬಗೆ ಅಂತ ಕೇಳೋ ಕ್ವಿಝ್ ಇಟ್ಕೊಂಡು (ನಾಲ್ಕು ಬಗೆ, ಇರ್ಲಿ) ಯಾರ ಮನೆ ಡ್ರಮ್ಮೂ ಮುಚ್ಚಲ್ಲ.

ಹೌಸಿನೇ ಆಡ್ಸಿ. ಟಿಕೆಟ್‌ನಲ್ಲಿ ನಂಬರ್ ಬದ್ಲು ನೀರು ನಿಲ್ಲೋ ಜಾಗಗಳ ಹೆಸ್ರು, ಸಾಧ್ಯ ಆದ್ರೆ ಚಿತ್ರ. ಮೂರು ಸಾಲು, ಸಾಲಿಗೆ ಐದು. ಮೇಲಿನ ಸಾಲು ಮನೆ ಒಳಗಿನದು: ಫ್ರಿಜ್ ಹಿಂದಿನ ಟ್ರೇ, ಕುಂಡದ ಕೆಳಗಿನ ತಟ್ಟೆ, ಮನಿಪ್ಲಾಂಟ್ ಬಾಟ್ಲಿ, ಬಚ್ಚಲಿನ ತೊಟ್ಟಿ, ಬಳಸದೆ ಬಿಟ್ಟಿರೋ ಟಾಯ್ಲೆಟ್‌ನ ಫ್ಲಷ್ ಟ್ಯಾಂಕ್. ಮಧ್ಯದ್ದು ಅಂಗಳ: ಡ್ರಮ್ಮು, ಟೈರು, ನಾಯಿಗೆ ನೀರಿಡೋ ಪಾತ್ರೆ, ಸೂರಿನ ನೀರು ಹೋಗೋ ದೋಣಿ, ಸೌದೆ ಮೇಲೆ ಹೊದಿಸಿದ ಟಾರ್ಪಾಲ್ ಮಡಿಕೆ. ಕೆಳಗಿನ ಸಾಲು ತೋಟ: ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಕಡಿದ ಬಿದಿರಿನ ಬುಡ, ಮರದ ಪೊಟರೆ, ತೋಟಕ್ಕೆ ಬೋರ್ಡೋ ಔಷಧಿ ಹೊಡೆದು ಮೂಲೆಗೆ ಉರುಳಿಸಿದ ಡ್ರಮ್ಮು. ಪ್ರತಿ ಟಿಕೆಟ್‌ನಲ್ಲೂ ಜಾಗ ಅದಲು ಬದಲು ಮಾಡಿ, ಇಲ್ಲಾಂದ್ರೆ ಎಲ್ರೂ ಒಟ್ಟಿಗೇ ಕೂಗ್ತಾರೆ.

ಕೂಗೋರು "ಟೈರು" ಅಂದ್ರೆ ಸುಮ್ನೆ ಗೀಟು ಹಾಕೋ ಹಾಗಿಲ್ಲ. ನಮ್ಮನೇಲಿ ಇದೆ, ದನದ ಕೊಟ್ಟಿಗೆ ಹಿಂದೆ, ಹೋದ ವಾರ ನೀರು ಚೆಲ್ಲಿದ್ದೆ ಅಂತ ಬಾಯ್ಬಿಟ್ಟು ಹೇಳ್ಬೇಕು. ಇಲ್ಲ ಅಂತ ಹೇಳಿದ್ರೆ ಪಕ್ಕದ ಮನೆಯವ್ರು ಸುಮ್ನಿರ್ತಾರಾ, "ಏಯ್ ನಿನ್ ಹಳೇ ಸ್ಕೂಟರ್ ಟೈರ್ ಯಾರ್ದು ಮತ್ತೆ" ಅಂತ ಶುರುವಾಗುತ್ತೆ, ಆ ಗಲಾಟೆನೇ ನಿಮಗೆ ಬೇಕಾಗಿರೋದು. ಬೇರೆಯವ್ರು ಹೇಳಿದ್ದನ್ನ ಕೇಳೋದಕ್ಕಿಂತ ತಾನೇ ನೆನಪು ಮಾಡ್ಕೊಂಡು ಹೇಳಿದ್ದು, ತಪ್ಪಾದಾಗ ಅಲ್ಲೇ ತಿದ್ದಿಸ್ಕೊಂಡಿದ್ದು ತಲೇಲಿ ಜಾಸ್ತಿ ದಿನ ಉಳಿಯುತ್ತೆ. ಮೀಟಿಂಗ್‌ನಲ್ಲಿ ಹಾಕೋದು ಅರ್ಧ ಗೀಟು ಮಾತ್ರ. ಟಿಕೆಟ್ ಮನೆಗೆ ತಗೊಂಡ್ ಹೋಗಿ, ಆ ಜಾಗ ಖಾಲಿ ಮಾಡಿ ತಿಕ್ಕಿ, ಪಕ್ಕದ ಮನೆಯವ್ರು ನೋಡಿ ಸಹಿ ಹಾಕಿದ್ಮೇಲೆ ಇನ್ನರ್ಧ. ಫುಲ್ ಹೌಸ್ (ಟಿಕೆಟ್ ಪೂರ್ತಿ ಆಯ್ತು ಅಂತ) ಕೂಗೋದು ಮುಂದಿನ ವಾರದ ಮೀಟಿಂಗ್‌ನಲ್ಲೇ. ಪೊಟರೆ ನೀರು ಚೆಲ್ಲೋಕಾಗಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಮಣ್ಣೋ ಮರಳೋ ತುಂಬೋಕೆ ಹೇಳಿ. ಟೈರ್ ಬಗ್ಗೆ ಒಂದ್ ಮಾತು, ಬಗ್ಗಿಸಿ ನೀರು ಚೆಲ್ಲೋಕೆ ಹೋದ್ರೆ ನೀರು ಒಳಗೇ ಸುತ್ತು ಹೊಡ್ದು ಅಲ್ಲೇ ಉಳ್ಕೊಳ್ಳುತ್ತೆ, ತೂತು ಕೊರೀರಿ ಇಲ್ಲಾ ಸೂರಿನ ಅಡಿಗೆ ಹಾಕ್ಬಿಡಿ.

ವಾರದ ಲೆಕ್ಕ ತಲೆಗೆ ಹೋಗೋಕೆ ಇನ್ನೊಂದು ಆಟ ಇದೆ, ಸೀಮೆಸುಣ್ಣ ಮತ್ತೆ ಒಂದು ಹಿಡಿ ಕಾಫಿ ಬೀಜ ಸಾಕು. ನೆಲದ ಮೇಲೆ ಒಬ್ಬೊಬ್ಬರಿಗೂ ಮೂರು ಸಾಲು ಗೀಚಿ, ಡ್ರಮ್ಮು, ಟೈರು, ಕುಂಡದ ತಟ್ಟೆ ಅಂತ. ಸಾಲಿಗೆ ಎಂಟು ಮನೆ, ಮೊದಲನೇ ಮನೇಲಿ ಎರಡೆರಡು ಬೀಜ, ಅದೇ ಮೊಟ್ಟೆ. ಒಂದು ಸುತ್ತು ಅಂದ್ರೆ ಒಂದು ದಿನ, ಬೀಜ ಎಲ್ಲಾ ಒಂದೊಂದು ಮನೆ ಮುಂದೆ. ಪ್ರತಿ ದಿನ ಒಂದು ಚೀಟಿ ಎತ್ಬೇಕು: "ಗದ್ದೆ ನಾಟಿ, ಕೈ ಬಿಡುವಿಲ್ಲ", "ನೆಂಟ್ರು ಬಂದ್ರು", "ಬಿಡುವಿದೆ, ಒಂದು ಸಾಲು ಖಾಲಿ ಮಾಡು", "ಮಳೆ ಬಂತು, ಎಲ್ಲಾ ಸಾಲಿಗೂ ಒಂದು ಬೀಜ". ಖಾಲಿ ಮಾಡುವಾಗ "ತಿಕ್ಕಿ" ಅಂತ ಹೇಳೋಕೆ ಮರೆತ್ರೆ ಒಂದು ಬೀಜ ವಾಪಸ್ ಮೊದಲನೇ ಮನೆಗೆ. ಎಂಟನೇ ಮನೆ ಮುಟ್ಟಿದ ಬೀಜ ಸೊಳ್ಳೆ, ಅದನ್ನ ಎತ್ತಿ ಬಲಗಡೆ ಕೂತವ್ರ ಮಡಿಲಿಗೆ ಹಾಕಿ. ಕೊನೆಗೆ ಯಾರ ಮಡಿಲಲ್ಲಿ ಜಾಸ್ತಿ ಬೀಜ ಇದೆಯೋ ಅವ್ರಿಗೆ ಜ್ವರ. ಅಲ್ಲಿಗೆ ಜಗಳ ಗ್ಯಾರಂಟಿ, "ನಾನು ನೀಟಾಗಿ ತಿಕ್ಕಿದೀನಿ, ಅವ್ಳು ತಿಕ್ಲಿಲ್ಲ, ನನಗ್ಯಾಕೆ ಜ್ವರ" ಅಂತ. ಆಗ ನೀವು ಏನೂ ಹೇಳ್ಬೇಡಿ, ಅವ್ರೇ ಮಾತಾಡ್ಕೊಳ್ಲಿ. ಈಡಿಸ್ ಸಾಮಾನ್ಯವಾಗಿ ಒಂದೆರಡು ನೂರು ಮೀಟರ್ ಆಚೆ ಹೋಗಲ್ಲ, ಅಂದ್ರೆ ನಮ್ಮನ್ನ ಕಚ್ಚೋದು ನಮ್ದೋ ಪಕ್ಕದ ಮನೆದೋ ಸೊಳ್ಳೆ.

ಪ್ರಶ್ನೆ: ಸಿದ್ದಾಪುರ ಕಡೆ ಎಸ್ಟೇಟ್ ಒಂದ್ರಲ್ಲಿ ರೈಟರ್ (ಹಾಜರಿ, ಲೆಕ್ಕ ಬರೆಯೋನು) ಆಗಿದೀನಿ. ಲೈನ್ ಮನೆಗಳಲ್ಲಿ (ಕೂಲಿಯವ್ರ ಸಾಲು ಮನೆ) ಅಸ್ಸಾಂ, ಜಾರ್ಖಂಡ್ ಕಡೆಯವ್ರು, ತಮಿಳಿನವ್ರು, ನಮ್ ಎರವರು ಎಲ್ಲಾ ಇದಾರೆ. ಕನ್ನಡ ಪೋಸ್ಟರ್ ಯಾರೂ ಓದಲ್ಲ. ಇವ್ರಿಗೆ ಆಟ ಆಗುತ್ತಾ? ಹೇಳಿದ್ರೂ ಇವ್ರು ಡ್ರಮ್ ಮುಚ್ಚಲ್ಲ ಸರ್.

ಉತ್ತರ: ಮೊದ್ಲು ಒಂದು ಪ್ರಶ್ನೆ ನಿಮಗೇ. ಆ ಡ್ರಮ್ಮಿಗೆ ಮುಚ್ಚಳ ಇದ್ಯಾ? ಲೈನ್‌ಗೆ ನೀರು ದಿನಾ ಬರುತ್ತಾ? ವಾರಕ್ಕೆ ಎರಡ್ ಸಲ ನೀರು ಬಿಟ್ರೆ ಜನ ತುಂಬಿಸಿಡದೆ ಇನ್ನೇನ್ ಮಾಡ್ತಾರೆ. ಅದನ್ನ ಆಟದಲ್ಲಿ ತೋರ್ಸಿ "ತಪ್ಪು, ಔಟ್" ಅಂದ್ರೆ ಬಡವರನ್ನ ಗೇಲಿ ಮಾಡಿದ ಹಾಗೆ ಆಗುತ್ತೆ. ಮಾಲೀಕರ ಹತ್ರ ಮಾತಾಡಿ, ಡ್ರಮ್ಮಿಗೊಂದು ಮುಚ್ಚಳ, ಅದಾಗಲ್ಲ ಅಂದ್ರೆ ಕಟ್ಟೋಕೆ ಒತ್ತು ನೇಯ್ಗೆಯ ಬಟ್ಟೆ ಮತ್ತೆ ರಬ್ಬರ್ ಟ್ಯೂಬ್ ಪಟ್ಟಿ ಕೊಡಿಸಿ, ಆಮೇಲೆ ಆಟ.

ಆಟ ಖಂಡಿತ ಆಗುತ್ತೆ, ಭಾಷೆ ಬರದೆ ಇರೋ ಕಡೆ ಭಾಷಣಕ್ಕಿಂತ ಚೆನ್ನಾಗೇ ಆಗುತ್ತೆ. ಒಂದು ಬಿಳಿ ಪ್ಲೇಟ್, ಒಂದು ಟಾರ್ಚ್, ಒಂದು ಸೌಟು. ಭಾನುವಾರ ಸಂತೆ ಮುಗ್ಸಿ ಬಂದ್ಮೇಲೆ ಒಂದೊಂದು ಲೈನ್ ಒಂದೊಂದು ಟೀಮ್ ಮಾಡಿ, ನಿಮ್ ಆಫೀಸು, ಮಾಲೀಕರ ಬಂಗ್ಲೆ ಅಂಗಳನೂ ಒಂದು ಟೀಮಿನ ಪಾಲಿಗೆ ಬರ್ಲಿ (ಬಂಗ್ಲೆಯ ಕುಂಡದ ತಟ್ಟೆಲಿ ಮರಿ ಸಿಕ್ಕಿದ ದಿನ ಲೈನಿನೋರು ಬಿದ್ದು ಬಿದ್ದು ನಗ್ತಾರೆ ನೋಡಿ). ಎಲ್ಲಿ ನೀರು ಸಿಕ್ಕಿದ್ರೂ ಸೌಟಲ್ಲಿ ಎತ್ತಿ ಪ್ಲೇಟಿಗೆ ಹಾಕಿ ಟಾರ್ಚ್ ಬಿಡಿ. ಮೊದ್ಲು ಏನೂ ಕಾಣಲ್ಲ, ಬರೀ ಕಸ. ಸ್ವಲ್ಪ ತಾಳಿದ್ರೆ ಅದ್ರಲ್ಲಿ ಕೂದಲೆಳೆಯಂಥದ್ದು ಏನೋ ನುಲ್ಕೊಂಡು ಓಡಾಡುತ್ತೆ, ಕೈ ನೆರಳು ಬಿದ್ದ ಕೂಡ್ಲೇ ತಳಕ್ಕೆ ಇಳಿಯುತ್ತೆ, ಉಸಿರಿಗೆ ಅಂತ ಮತ್ತೆ ಮೇಲೆ ಬಂದು ಬಾಲ ನೀರಿನ ಮೇಲ್ಮೈಗೆ ಕೊಟ್ಟು ತಲೆ ಕೆಳಗಾಗಿ ನೇತಾಡುತ್ತೆ. ನೀರಿನ ಮೇಲೆ ಅಡ್ಡಡ್ಡ ಚಪ್ಪಟೆಯಾಗಿ ಮಲ್ಗಿದ್ರೆ ಅದು ಮಲೇರಿಯಾದ ಅನಾಫಿಲಿಸ್ ಜಾತಿದು. ಇದನ್ನ ಒಂದ್ಸಲ ಕಣ್ಣಾರೆ ನೋಡಿದವ್ರಿಗೆ ಯಾವ ಭಾಷೆಲೂ ಏನೂ ಹೇಳ್ಬೇಕಾಗಿಲ್ಲ. ಮರಿ ಸಿಕ್ಕಿದ ಜಾಗಕ್ಕೆ ಒಂದು ಪಾಯಿಂಟ್, ಅಲ್ಲೇ ಚೆಲ್ಲಿ ತಿಕ್ಕಿದ್ರೆ ಇನ್ನೆರಡು. ಚೆಲ್ಲೋದು ಒಣ ಮಣ್ಣಿಗೆ, ಚರಂಡಿಗಲ್ಲ. ಮತ್ತೆ ಆಟ ನಡ್ಸೋದು ನೀವಾಗ್ಬೇಡಿ ಸರ್, ರೈಟರ್ ಬಂದು ನಿಂತ್ರೆ ಅದು ಆಟ ಆಗಲ್ಲ, ಹಾಜರಿ ಆಗುತ್ತೆ. ಆಯಾ ಭಾಷೆಯವ್ರಲ್ಲೇ ಬಾಯಿ ಜೋರಿರೋ ಒಬ್ರನ್ನ ಹಿಡೀರಿ.

ಇನ್ನೊಂದು, ಚಿತ್ರದ ಕಾರ್ಡ್ ಜೋಡ್ಸೋ ಆಟ. ಜೋರು ಜ್ವರ, ಕಣ್ಣಿನ ಹಿಂದೆ ನೋವು, ಜ್ವರ ಇಳಿದಿದ್ದು, ಹೊಟ್ಟೆನೋವು, ಬಿಡದೆ ವಾಂತಿ, ವಸಡಲ್ಲಿ ರಕ್ತ, ಆಸ್ಪತ್ರೆ, ಕೆಲ್ಸಕ್ಕೆ ಹೋಗೋ ಮನುಷ್ಯ. ಇದನ್ನ ಕ್ರಮವಾಗಿ ಜೋಡ್ಸಿ ಅಂದ್ರೆ ಹೆಚ್ಚಿನವ್ರು "ಜ್ವರ ಇಳೀತು" ಆದ ತಕ್ಷಣ "ಕೆಲ್ಸಕ್ಕೆ ಹೋದ" ಇಡ್ತಾರೆ. ಡೆಂಗ್ಯೂನಲ್ಲಿ ಅಪಾಯ ಶುರುವಾಗೋದೇ ಸಾಮಾನ್ಯವಾಗಿ ಜ್ವರ ಬಿಡೋ ಹೊತ್ತಿಗೆ, 3ರಿಂದ 7ನೇ ದಿನದ ಒಳಗೆ. ಅದನ್ನ ಅಲ್ಲಿ ನಿಲ್ಲಿಸಿ ತೋರಿಸ್ಬೇಕು. ಅಂಗಡಿಯಿಂದ ತಂದು ನುಂಗೋ ಮಾತ್ರೆ ಕಾರ್ಡೂ ಇಡಿ, ಪ್ಯಾರಾಸಿಟಮಾಲ್ ಸರಿ, ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತೆ. ಆದ್ರೆ ಆಟದಲ್ಲಿ ಆಸ್ಪತ್ರೆಗೆ ಹೋಗು ಅಂತ ಹೇಳ್ಕೊಟ್ಟು, ಮಾರನೇ ದಿನ ಹೋದವ್ನಿಗೆ ಅರ್ಧ ದಿನದ ಕೂಲಿ ಕಟ್ ಮಾಡಿದ್ರೆ ನಿಮ್ ಆಟ ಯಾರೂ ನಂಬಲ್ಲ. ಹೊರ ರಾಜ್ಯದಿಂದ ಹೊಸಬ್ರು ಬಂದಾಗ, ಜ್ವರ ಇದ್ರಂತೂ, ಆರೋಗ್ಯ ಕೇಂದ್ರದಲ್ಲಿ ಮಲೇರಿಯಾಗೆ ರಕ್ತ ಪರೀಕ್ಷೆ ಮಾಡ್ಸಿ, ದುಡ್ಡು ಕೊಡ್ಬೇಕಾಗಿಲ್ಲ. ಅವ್ರೇ ಕಾಯಿಲೆ ತರ್ತಾರೆ ಅಂತ ದೂರೋಕಲ್ಲ, ಅವ್ರಿಗೆ ಬೇಗ ಔಷಧಿ ಸಿಗ್ಲಿ ಅಂತ.

ಪ್ರಶ್ನೆ: ನನಗೆ 78 ವರ್ಷ. ನಾನು ಹುಡುಗ ಆಗಿದ್ದಾಗ ಚಳಿಜ್ವರ ಅಂದ್ರೆ ಕೊಡಗು ಅನ್ನೋ ಕಾಲ. ಮನೆ ಮನೆಗೆ ಡಿಡಿಟಿ ಹೊಡೆದು ಓಡ್ಸಿದ್ರು, ಆಟ ಆಡಿಸಿ ಅಲ್ಲ. ಈಗ ಫಾಗಿಂಗ್ ಮಾಡ್ಸೋದು ಬಿಟ್ಟು ಇದೇನ್ರೀ ಮಕ್ಕಳಾಟ? ವಿರಾಜಪೇಟೆ.

ಉತ್ತರ: ನೀವು ಹೇಳೋದು ನಿಜ ಸರ್, ಮಲೇರಿಯಾಗೆ ಹೆದರಿ ಘಟ್ಟದ ಕೆಲ್ಸಕ್ಕೆ ಬರೋಕೆ ಜನ ಹಿಂದೇಟು ಹಾಕ್ತಿದ್ದ ಕಾಲ ಅದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ್ಮೇಲೆ ದೇಶದಲ್ಲೆಲ್ಲಾ ಗೋಡೆಗೆ ಡಿಡಿಟಿ ಹೊಡೆದ್ರು, ಕೆಲ್ಸ ಮಾಡ್ತು, ಯಾಕಂದ್ರೆ ಆ ಸೊಳ್ಳೆ ರಾತ್ರಿ ಕಚ್ಚಿ ಗೋಡೆ ಮೇಲೆ ಕೂತು ಸುಧಾರಿಸ್ಕೊಳ್ಳುತ್ತೆ, ಅಲ್ಲೇ ಸಾಯ್ತಿತ್ತು. ಅದು ಬೆಳೆಯೋದೂ ನಿಧಾನ ಹರಿಯೋ ತೋಡು, ಗದ್ದೆ ಕಾಲುವೆಯಲ್ಲಿ, ನಮ್ ಅಡುಗೆ ಮನೇಲಿ ಅಲ್ಲ. ಈಡಿಸ್ ದಾರಿನೇ ಬೇರೆ. ಹಗಲು ಕಚ್ಚುತ್ತೆ, ಮಂಚದ ಕೆಳಗೆ, ನೇತು ಹಾಕಿದ ಕೋಟು, ಪರದೆ ಸಂದಿಲಿ ಕೂರುತ್ತೆ, ಹುಟ್ಟೋದು ಮನೆ ಒಳಗಿನ, ಸುತ್ತಲಿನ ಪಾತ್ರೆಲಿ. ಫಾಗಿಂಗ್ ಹೊಗೆ ಸಾಯಿಸೋದು ಆ ಹೊತ್ತಿಗೆ ಹಾರ್ತಾ ಇರೋದನ್ನ ಮಾತ್ರ, ಮೊಟ್ಟೆಗೂ ಮರಿಗೂ ಏನೂ ಆಗಲ್ಲ, ವಾರದೊಳಗೆ ಹೊಸ ಸೊಳ್ಳೆ ರೆಡಿ. ಕೇಸ್ ಬಂದ ಕಡೆ ಸುತ್ತಮುತ್ತ ಫಾಗಿಂಗ್ ಬೇಕು, ಬೇಡ ಅಂತಲ್ಲ. ಆದ್ರೆ ವಾರ ವಾರ ನಿಮ್ ಫ್ರಿಜ್ ಹಿಂದೆ ನೋಡೋಕೆ ಇಲಾಖೆಯವ್ರು ಬರೋಕಾಗುತ್ತಾ?

ಆಟನೇ ಡೆಂಗ್ಯೂ ತಡೀತು ಅಂತ ನಾನು ಹೇಳಲ್ಲ. ಜನ ತಾವೇ ಕೈ ಹಾಕಿದ್ರೆ ಏನಾಗುತ್ತೆ ಅನ್ನೋದಕ್ಕೆ ಲೆಕ್ಕ ಇದೆ. ನಿಕರಾಗುವಾ, ಮೆಕ್ಸಿಕೋ ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನ ಒಂದು 2015ರಲ್ಲಿ ಪ್ರಕಟ ಆಯ್ತು. ಊರವ್ರಿಗೆ ಅವ್ರವ್ರ ನೀರಲ್ಲೇ ಮರಿ ತೋರ್ಸಿ, ಏನ್ ಮಾಡ್ಬೇಕು ಅಂತ ಊರವ್ರೇ ತೀರ್ಮಾನ ಮಾಡೋಕೆ ಬಿಟ್ಟ ಕಡೆ ಮಕ್ಕಳಲ್ಲಿ ಡೆಂಗ್ಯೂ ಸೋಂಕು ಉಳಿದ ಊರುಗಳಿಗಿಂತ ಸುಮಾರು ಶೇ. 30ರಷ್ಟು ಕಮ್ಮಿ ಕಂಡುಬಂತು. ಹೌಸಿ ಟಿಕೆಟ್ ನೆಪ ಅಷ್ಟೇ ಸರ್, ಅದನ್ನ ಹಿಡ್ಕೊಂಡು ಅವ್ರು ಹಿತ್ತಲಿಗೆ ಹೋಗ್ಬೇಕು.

ಪ್ರಶ್ನೆ: ನಮ್ ಯುವಕ ಸಂಘದಿಂದ ಕೆಸರು ಗದ್ದೆ ಕ್ರೀಡಾಕೂಟ ಇದೆ ಅಣ್ಣಾ, ನಾಪೋಕ್ಲು ಹತ್ರ. ಹಗ್ಗ ಜಗ್ಗಾಟ, ಓಟ ಎಲ್ಲಾ ಇದೆ. ಸೊಳ್ಳೆ ಜಾಗೃತಿಗೆ ಅಂತ ಒಂದು ಆಟ ಸೇರಿಸ್ಬೋದಾ, ಬಹುಮಾನ ಏನ್ ಕೊಡೋದು?

ಉತ್ತರ: ಸೇರ್ಸಿ. ರೆಡ್ ಕ್ರಾಸ್‌ನವರ ಹವಾಮಾನ ಕೇಂದ್ರದ ಕಡೆಯಿಂದ ಬಂದಿರೋ, ಮನುಷ್ಯರು ಮತ್ತು ಸೊಳ್ಳೆಗಳು ಎರಡು ಪಾಳಿ ಆಗಿ ಆಡೋ ಆಟ ಒಂದಿದೆ, ಅದನ್ನ ನಮ್ ಗದ್ದೆಗೆ ಹೊಂದಿಸ್ಕೊಳ್ಳಿ. ಸೊಳ್ಳೆ ಪಾಳಿಯವ್ರು ಗದ್ದೆ ತುಂಬಾ ಬಕೆಟ್‌ಗಳಿಗೆ ಕಲ್ಲು ಹಾಕ್ತಾ ಓಡ್ತಾರೆ, ಮನುಷ್ಯರ ಪಾಳಿಯವ್ರು ಬಕೆಟ್ ಕವುಚಿ ಹಾಕ್ತಾ ಓಡ್ಬೇಕು, ಸೀಟಿ ಊದಿದಾಗ ನೆಟ್ಟಗಿರೋ ಬಕೆಟ್‌ನಲ್ಲಿ ಎಷ್ಟು ಕಲ್ಲಿದೆಯೋ ಅಷ್ಟು ಜನ ಮನುಷ್ಯರ ಕಡೆಯಿಂದ ಔಟ್. ಕೆಸರಲ್ಲಿ ಬಿದ್ದು ಎದ್ದು ಒಳ್ಳೆ ಮಜಾ ಬರುತ್ತೆ. ಕಲ್ಲು ಸಣ್ಣದಿರ್ಲಿ, ಎಸೆಯೋಕೆ ಬಿಡ್ಬೇಡಿ.

ಬಹುಮಾನಕ್ಕೆ ಪ್ಲಾಸ್ಟಿಕ್ ಟಬ್ಬು, ಬಕೆಟ್ಟು ಕೊಡ್ಬೇಡಿ ಮಾರಾಯ, ಅದ್ರಲ್ಲೇ ಮುಂದಿನ ವರ್ಷ ಸೊಳ್ಳೆ ಸಾಕ್ತಾರೆ. ಸೊಳ್ಳೆ ಪರದೆ ಕೊಡಿ. ಡೆಂಗ್ಯೂ ಸೊಳ್ಳೆ ಹಗಲು ಕಚ್ಚೋದು, ಪರದೆ ಯಾಕೆ ಅಂತ ಕೇಳ್ತಾರೆ, ಹಗಲು ಮಲಗೋ ಕೂಸಿಗೆ, ಬಾಣಂತಿಗೆ, ಮುಖ್ಯವಾಗಿ ಜ್ವರ ಬಂದವ್ರಿಗೆ. ಜ್ವರದ ಮೊದಲ ಐದಾರು ದಿನ ಅವ್ರನ್ನ ಕಚ್ಚಿದ ಸೊಳ್ಳೆನೇ ಮುಂದೆ ಬೇರೆಯವ್ರಿಗೆ ಹಂಚೋದು. ಮೈಕಲ್ಲಿ ಇನ್ನೊಂದು ವಿಷಯನೂ ಹೇಳ್ಸಿ, 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಘೋಷಿಸ್ತು, ಆಗ ತಂದ ನಿಯಮದಲ್ಲಿ ಸೊಳ್ಳೆ ಬೆಳೆಯೋಕೆ ಬಿಟ್ಟ ಹಳ್ಳಿ ಮನೆಗೆ 200, ಪಟ್ಟಣದ ಮನೆಗೆ 400 ರೂಪಾಯಿ ದಂಡ ಇಟ್ಟಿದ್ರು. ಹೆದರ್ಸೋಕಲ್ಲ, ಹಗ್ಗ ಜಗ್ಗಾಟದ ಗ್ಯಾಪಲ್ಲಿ ಒಂದು ಪ್ರಶ್ನೆಗೆ ಆಯ್ತು.

ಪ್ರಶ್ನೆ: ಮಡಿಕೇರಿಲಿ ಹೋಮ್‌ಸ್ಟೇ ಇದೆ. ರಾತ್ರಿ ಕ್ಯಾಂಪ್‌ಫೈರ್ ಹತ್ರ ಗೆಸ್ಟ್‌ಗಳಿಗೆ ಸೊಳ್ಳೆ ಕ್ವಿಝ್ ಇಡ್ಬೋದಾ? ಅಥವಾ ಈ ಚಳಿಗೆ ನಮ್ಮಲ್ಲಿ ಡೆಂಗ್ಯೂ ಬರಲ್ವಾ?

ಉತ್ತರ: ಚಳಿ ನಂಬ್ಕೊಂಡು ಕೂರ್ಬೇಡಿ, ಈಡಿಸ್‌ನಲ್ಲಿ ತೋಟ, ಪೊದೆ ಕಡೆ ಇರೋ ಕಪ್ಪು ಬಿಳಿ ಪಟ್ಟೆಯ ಇನ್ನೊಂದು ಜಾತಿ ಇದೆ, ಏಷ್ಯಾದ ಹುಲಿ ಸೊಳ್ಳೆ ಅಂತಾರೆ, ತಂಪು ತಡ್ಕೊಳ್ಳುತ್ತೆ. ಎರಡು ದಿನಕ್ಕೆ ಬರೋ ಗೆಸ್ಟ್‌ಗೆ ಕ್ವಿಝ್ ಯಾಕೆ, ಕುಂಡ ಅವ್ರದ್ದಾ? ಆಟ ಕೆಲಸದವ್ರ ಜೊತೆ ಆಡಿ, ಮೇಲಿನ ಹೌಸಿ ಟಿಕೆಟ್ ನಿಮ್ಗೂ ಆಗುತ್ತೆ. ಗೆಸ್ಟ್‌ಗೆ ಒಂದೇ ಮಾತು ಸಾಕು, ಬೆಳಿಗ್ಗೆ ಮತ್ತೆ ಸಂಜೆ ನಾಲ್ಕರ ಮೇಲೆ ವರಾಂಡದಲ್ಲಿ ಚಡ್ಡಿ ಹಾಕ್ಕೊಂಡು ಕಾಫಿ ಕುಡಿಯೋ ಹೊತ್ತಲ್ಲೇ ಕಚ್ಚೋದು.

ಪ್ರಶ್ನೆ: ಆಟ ಆಡ್ಸಿದೀವಿ, ಎಲ್ರೂ ಖುಷಿಪಟ್ರು. ಉಪಯೋಗ ಆಯ್ತೋ ಇಲ್ವೋ ಗೊತ್ತಾಗೋದು ಹೇಗೆ? ಆಶಾ ಕಾರ್ಯಕರ್ತೆ, ಸೋಮವಾರಪೇಟೆ ತಾಲೂಕು.

ಉತ್ತರ: ಖುಷಿ ಅಳೀಬೇಡಿ, ಮರಿ ಎಣಿಸಿ. ನಿಮಗೆ ಲಾರ್ವಾ ಸರ್ವೆ ಗೊತ್ತೇ ಇದೆ. ಆಟಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ, ಅದೇ ಮನೆಗಳು. 100 ಮನೆಗೆ ಎಷ್ಟು ಪಾತ್ರೆಲಿ ಮರಿ ಇದೆ ಅನ್ನೋ ಲೆಕ್ಕಕ್ಕೆ ಬ್ರೆಟೋ ಸೂಚ್ಯಂಕ ಅಂತಾರೆ, 50 ಮನೆ ನೋಡಿ 10 ಪಾತ್ರೆಲಿ ಮರಿ ಸಿಕ್ಕಿದ್ರೆ 20 ಅಂತ ಲೆಕ್ಕ. ಆಟ ಆಡದೆ ಇರೋ ಪಕ್ಕದ ಊರಲ್ಲೂ ಎಣಿಸಿ, ಯಾಕಂದ್ರೆ ಜುಲೈ ಮಳೆ ಜೋರಾಗಿ ಹೊಡೆದ್ರೆ ಮರಿ ತಾನಾಗೇ ಕೊಚ್ಕೊಂಡು ಹೋಗಿ, ನಿಮ್ ಆಟದಿಂದಾನೇ ಕಮ್ಮಿ ಆಯ್ತು ಅನ್ಸುತ್ತೆ. ಒಂದು ತಿಂಗಳು ಬಿಟ್ಟು ಹೇಳ್ದೆ ಕೇಳ್ದೆ ಇನ್ನೊಂದ್ ಸಲ ಹೋಗಿ ನೋಡಿ.

ಪ್ರಶ್ನೆ: ಗೆದ್ದವ್ರಿಗೆ ಸೊಳ್ಳೆ ಮರಿ ತಿನ್ನೋ ಗಪ್ಪಿ ಮೀನು ಕೊಟ್ರೆ ಹೇಗೆ? ಕುಶಾಲನಗರ.

ಉತ್ತರ: ಮುಚ್ಚೋಕಾಗದ ಸಿಮೆಂಟ್ ತೊಟ್ಟಿ, ಬಳಸದ ಬಾವಿ ಇರೋರಿಗೆ ಕೊಡಿ, ಆರೋಗ್ಯ ಕೇಂದ್ರದಲ್ಲಿ ಕೇಳಿ ನೋಡಿ. ಹೊಳೆಗೆ, ತೋಡಿಗೆ, ಕೆರೆಗೆ ಬಿಡ್ಬೇಡಿ ಅಂತ ಖಡಾಖಂಡಿತವಾಗಿ ಹೇಳ್ಬೇಕು, ಗಪ್ಪಿನೂ, ಅದೇ ಕೆಲ್ಸಕ್ಕೆ ಬಿಡೋ ಗಂಬೂಸಿಯಾನೂ ನಮ್ ಊರಿನ ಮೀನಲ್ಲ, ಇಲ್ಲಿನ ಸಣ್ಣ ಮೀನಿನ ಮರಿ, ಕಪ್ಪೆ ಮೊಟ್ಟೆ ಎಲ್ಲಾ ತಿಂದು ಹಾಕುತ್ತೆ. ಮತ್ತೆ ಮೀನು ಬಿಟ್ಟ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕ್ಬಾರ್ದು, ಮೀನು ಸತ್ತೋಗುತ್ತೆ.